ಜೀಪು ಹಳೆಯದು, ಪೆಟ್ರೋಲ್ ಹೊಸದು

ಹಳೆಯ ಪೆಟ್ರೋಲ್ ಜೀಪು ಎಲ್ಲಿ ನಿಂತರೂ ಮೊದಲು ಬೈಸಿಕೊಳ್ಳುವುದು ಕಾರ್ಬುರೇಟರ್. ಏರಿನಲ್ಲಿ ಎಳೆಯಲಿಲ್ಲವೇ, ಕಾರ್ಬುರೇಟರ್. ಬೆಳಿಗ್ಗೆ ಸ್ಟಾರ್ಟ್ ಆಗಲಿಲ್ಲವೇ, ಕಾರ್ಬುರೇಟರ್. ಪೆಟ್ರೋಲ್ ಕುಡಿಯುತ್ತದೆಯೇ, ಅದೂ ಅದರದೇ ತಪ್ಪು. ಪಾಯಿಂಟು, ಕಂಡೆನ್ಸರು, ಸೀಟಿನಡಿ ತುಕ್ಕು ಹಿಡಿದ ಟ್ಯಾಂಕು ಇವು ಯಾರ ಬಾಯಿಗೂ ಬರುವುದಿಲ್ಲ. ಬಾನೆಟ್ ಎತ್ತಿದ ಕೂಡಲೇ ರಾಡು, ಸ್ಪ್ರಿಂಗು, ಸ್ಕ್ರೂಗಳ ಸಮೇತ ಎದುರಿಗೆ ಕೂತಿರುತ್ತದಲ್ಲ, ಬೈಯಲು ಅದೇ ಅನುಕೂಲ. ಬೈದು ಬೈದು ಸಾಕಾದ ಮೇಲೆ ಮಾಲೀಕರು ಕೇಳುವುದು ಒಂದೇ ಪ್ರಶ್ನೆ: ಹೊಸದು ಹಾಕಿಸಿದರೆ ಯಾವುದು ಹಾಕಿಸಲಿ?

ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲ ಕಡೆ ಈ ಪ್ರಶ್ನೆ ಕೇಳುವವರು ಈಗ ಬೆರಳೆಣಿಕೆಯಷ್ಟು ಮಂದಿ. ಒಂದು ಕಾಲಕ್ಕೆ ಹಾಗಿರಲಿಲ್ಲ. 1947ರಲ್ಲಿ ಮುಂಬಯಿಯ ಮಹೀಂದ್ರಾ ಕಂಪನಿ ಅಮೆರಿಕದ ವಿಲ್ಲಿಸ್ ಜೀಪಿನ ಬಿಡಿಭಾಗ ತರಿಸಿ ಜೋಡಿಸತೊಡಗಿತು. ಆಮೇಲೆ ಇಲ್ಲೇ ತಯಾರಾಗತೊಡಗಿದ ಸಿಜೆ 3ಬಿ, ಅಂದರೆ ಎತ್ತರದ ಬಾನೆಟ್ಟಿನ ಜೀಪು, ದಶಕಗಟ್ಟಲೆ ನಮ್ಮ ಸರ್ಕಾರಿ ಕಚೇರಿಗಳ ಮುಂದೆ ನಿಂತಿತ್ತು. ಆಲಮಟ್ಟಿ ಅಣೆಕಟ್ಟಿಗೆ 1964ರ ಮೇ 22ರಂದು ಲಾಲ್‌ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದ ಕಾಲದಲ್ಲಿ ಇಂಜಿನಿಯರು ಎಂದರೆ ಜೀಪು, ಜೀಪು ಎಂದರೆ ಇಂಜಿನಿಯರು. ಹುನಗುಂದದ ಎರೆಭೂಮಿಯಲ್ಲಿ ಮಳೆ ಬಿದ್ದ ಮೇಲೆ ಹೊಲದ ದಾರಿ ಹಿಡಿಯಬೇಕಾದರೆ ನಾಲ್ಕೂ ಗಾಲಿಗೆ ಎಳೆತವಿರುವ ಗಾಡಿಯೇ ಬೇಕಿತ್ತು. ಕಚೇರಿಯವರು ಹರಾಜು ಹಾಕಿದ್ದನ್ನು ರೈತರು, ಕಲ್ಲಿನ ಕ್ವಾರಿಯವರು ಕೊಂಡರು. ಪೆಟ್ರೋಲ್ ದುಬಾರಿಯಾದಾಗ ಬಹುತೇಕರು ಎಂಜಿನ್ ಇಳಿಸಿ ಡೀಸೆಲ್ ಕೂರಿಸಿಬಿಟ್ಟರು. ಹಾಗೆ ಮಾಡದೆ ಉಳಿದವು ಕೆಲವು. ಕೆಲವರು ಅಜ್ಜನ ಗಾಡಿ ಅಂತ ಉಳಿಸಿಕೊಂಡರು, ಕೆಲವರು ಬರೀ ಆಲಸ್ಯದಿಂದ. ಆಲಸ್ಯವೂ ಕೆಲವೊಮ್ಮೆ ಪರಂಪರೆ ಉಳಿಸುತ್ತದೆ.

ಬಾನೆಟ್ಟಿನ ಅಡಿ ಎರಡು ಬಗೆಯ ಎಂಜಿನ್ ಸಿಗುತ್ತವೆ. ಯುದ್ಧಕಾಲದ ಜೀಪಿನಿಂದ ಬಂದದ್ದು ಗೋ ಡೆವಿಲ್: ಎರಡೂ ವಾಲ್ವು ಬ್ಲಾಕಿನಲ್ಲೇ, 60 ಅಶ್ವಶಕ್ತಿ. ಅದಕ್ಕೆ ಕಾರ್ಟರ್ ಡಬ್ಲ್ಯೂಒ ಕಾರ್ಬುರೇಟರ್. ಸಿಜೆ 3ಬಿಗೆ ಬಂದದ್ದು ಹರಿಕೇನ್: ಗಾಳಿ ಎಳೆಯುವ ವಾಲ್ವು ಮೇಲೆ ಹೆಡ್ಡಿನಲ್ಲಿ, ಹೊಗೆ ಬಿಡುವ ವಾಲ್ವು ಕೆಳಗೆ ಬ್ಲಾಕಿನಲ್ಲಿ. ಅದಕ್ಕೆ ಕಾರ್ಟರ್ ವೈಎಫ್. ಎರಡೂ 134 ಘನ ಇಂಚಿನವು, ನಮ್ಮ ಲೆಕ್ಕದಲ್ಲಿ ಸುಮಾರು 2200 ಸಿಸಿ. ಬಾನೆಟ್ಟಿನ ಎತ್ತರ ನೋಡಿ ಎಂಜಿನ್ ಯಾವುದೆಂದು ತೀರ್ಮಾನಿಸಬೇಡಿ. ಐವತ್ತು ಅರವತ್ತು ವರ್ಷದಲ್ಲಿ ಯಾವ ಗಾಡಿಗೆ ಯಾವ ಎಂಜಿನ್ ಬಂದು ಕೂತಿದೆಯೋ ದೇವರೇ ಬಲ್ಲ. ಬಿಡಿಭಾಗ ತರಿಸುವ ಮೊದಲು ಬ್ಲಾಕನ್ನೇ ನೋಡಬೇಕು.

ಇಳಕಲ್ಲಿನ ಹೆದ್ದಾರಿ ಬದಿಯ ಒಂದು ಗ್ಯಾರೇಜಿನಲ್ಲಿ ಕಾರ್ಬುರೇಟರಿನ ಕೆಲಸ ನಡೆಯುವುದನ್ನು ನೋಡಬೇಕು. ಜೀಪಿನ ಹುಡುಗ ಮೊಬೈಲಿನಲ್ಲಿ ಹೊಸ ಕಾರ್ಬುರೇಟರಿನ ಫೋಟೊ ಹಿಡಿದುಕೊಂಡೇ ಬಂದಿದ್ದ.

"ಕಾಕಾ, ಇದನ್ನ ತರಸೂಣೇನ್ರಿ?"

"ತಡಿಯೋ ತಮ್ಮಾ. ಮದಲ ಪಾಯಿಂಟ್ ನೋಡೂಣು, ಪ್ಲಗ್ ನೋಡೂಣು. ಕಾರ್ಬುರೇಟರ್ ಎಲ್ಲಿ ಓಡಿ ಹೋಗತೈತಿ?"

ಮಿಸ್ತ್ರಿ ಪಾಯಿಂಟಿಗೆ ಎಮರಿ ಕಾಗದ ಎಳೆದು, ಗ್ಯಾಪ್ ಹಿಡಿದು, ಗಾಜಿನ ಬಟ್ಟಲಿನ ಪೆಟ್ರೋಲ್ ಪಂಪು ನೋಡಿ, ಆಮೇಲೆ ಕಾರ್ಬುರೇಟರಿಗೆ ಕೈ ಹಾಕಿದರು. ಮುಚ್ಚಳ ತೆಗೆದರೆ ಬಟ್ಟಲಿನ ತಳದಲ್ಲಿ ಕೆಂಪು ಕೆಸರು, ಲೋಹದ ಗೋಡೆಗೆ ಬಿಳಿ ಬೂದಿಯಂಥ ಪದರ. ಹಿತ್ತಾಳೆಯ ಫ್ಲೋಟನ್ನು ಕಿವಿಯ ಹತ್ತಿರ ಹಿಡಿದು ಅಲುಗಾಡಿಸಿದರು. ಒಳಗೆ ಗುಳುಗುಳು. ಚಹಾದ ಅಂಗಡಿಯಿಂದ ಬಿಸಿನೀರು ತರಿಸಿ ಅದರಲ್ಲಿ ಮುಳುಗಿಸಿದರು. ಹೊಲಿಗೆಯ ಒಂದು ಕಡೆಯಿಂದ ಸಣ್ಣ ಗುಳ್ಳೆಗಳ ಸಾಲು ಎದ್ದಿತು. ತೂತು ಸಿಕ್ಕಿತು. ಪೆಟ್ರೋಲ್ ತುಂಬಿದ ಫ್ಲೋಟು ತೇಲುವುದಿಲ್ಲ, ನೀಡಲ್ಲು ಮುಚ್ಚುವುದಿಲ್ಲ, ಬಟ್ಟಲು ಓವರ್‌ಫ್ಲೋ. ಗಾಡಿ ಪೆಟ್ರೋಲ್ ಕುಡಿಯುವುದಕ್ಕೆ ಇಷ್ಟೇ ಕಾರಣವಾಗಿತ್ತು. ಬೆಸುಗೆ ಹಾಕುವಾಗಲೂ ಮಿಸ್ತ್ರಿಗಳು ಸೀಸ ಹೆಚ್ಚಾಗದಂತೆ ನೋಡಿಕೊಂಡರು. ಫ್ಲೋಟಿನ ತೂಕ ಏರಿದರೆ ಬಟ್ಟಲಿನಲ್ಲಿ ಪೆಟ್ರೋಲಿನ ಮಟ್ಟವೂ ಏರುತ್ತದೆ, ಮತ್ತದೇ ಕಥೆ.

ಕಾರ್ಬುರೇಟರ್ ನಿಜವಾಗಿ ಮುಗಿದಿದೆ ಎನ್ನಲು ನನ್ನ ಪ್ರಕಾರ ಎರಡೇ ಲಕ್ಷಣ. ಒಂದು, ಥ್ರಾಟಲ್ ಶಾಫ್ಟು ಸವೆದು ಬೆರಳಿಗೆ ಆಡುವುದು. ಆ ಸಂದಿನಿಂದ ಲೆಕ್ಕಕ್ಕಿಲ್ಲದ ಗಾಳಿ ಒಳಗೆ ಹೋಗುತ್ತದೆ, ಸ್ಲೋ ರೇಸ್ ಎಂದೂ ಒಂದೇ ಸಮ ನಿಲ್ಲುವುದಿಲ್ಲ. ಲೇತಿನವರ ಹತ್ತಿರ ಹೊಸ ಬುಷ್ ಹಾಕಿಸಿದರೆ ಅದಕ್ಕೂ ಮದ್ದುಂಟು. ಇನ್ನೊಂದು, ಮೈಯೇ ಬಿರಿದಿರುವುದು ಅಥವಾ ಒಳಗಿನ ಸಣ್ಣ ದಾರಿಗಳು ಕೊರೆದುಹೋಗಿರುವುದು. ಅದಕ್ಕೆ ಮದ್ದಿಲ್ಲ. ಮಿಕ್ಕದ್ದೆಲ್ಲ ಒಂದು ಕಿಟ್ಟು, ಒಂದು ಡಬ್ಬಿ ಸ್ಪ್ರೇ, ಅರ್ಧ ದಿನದ ತಾಳ್ಮೆ.

ಮುಗಿದೇ ಹೋಗಿದೆ ಎಂದಿಟ್ಟುಕೊಳ್ಳೋಣ. ಆಗ ಮೂರು ದಾರಿ: ಇನ್ನೊಂದು ಹಳೆಯ ಕಾರ್ಟರ್ ಹುಡುಕಿ ಸರಿಮಾಡಿಸುವುದು, ಈ ಎಂಜಿನ್ನಿಗೆಂದೇ ಬರುವ ಸೋಲೆಕ್ಸ್ ಮಾದರಿಯದು ಕೊಳ್ಳುವುದು, ಅಥವಾ ಯಾವುದೋ ಕಾರಿನದನ್ನು ನಡುವೆ ಅಡಾಪ್ಟರ್ ಪ್ಲೇಟು ಹಾಕಿ ಕೂರಿಸುವುದು. ಮೂರನೆಯದು ಗುಜರಿಯಲ್ಲಿ ಅಗ್ಗಕ್ಕೆ ಸಿಗುತ್ತದೆ, ಆದ್ದರಿಂದ ಆಸೆಯೂ ಅಲ್ಲೇ ಜಾಸ್ತಿ. ಒಂದು ಸಣ್ಣ ಲೆಕ್ಕ ಮಾಡಿದರೆ ಆ ಆಸೆ ಇಳಿಯುತ್ತದೆ. ಈ ಎಂಜಿನ್ ನಿಮಿಷಕ್ಕೆ 4000 ಸುತ್ತು ತಿರುಗಿದಾಗ 2000 ಸಲ ಹೊಟ್ಟೆ ತುಂಬ ಗಾಳಿ ಎಳೆಯುತ್ತದೆ. 2.2 ಲೀಟರಿನಂತೆ 4400 ಲೀಟರ್. ಹಳೆಯ ಎಂಜಿನ್ನಿನ ಸಿಲಿಂಡರ್ ಪೂರ್ತಿ ತುಂಬುವುದಿಲ್ಲ, ಮುಕ್ಕಾಲು ಎಂದರೆ 3300 ಲೀಟರ್. ಮಾರುತಿ 800ರ ಎಂಜಿನ್ 796 ಸಿಸಿಯದು. ಅದಕ್ಕೆ ಅಳೆದು ಮಾಡಿದ ಗಂಟಲಿನಲ್ಲಿ ಜೀಪಿನ ಎಂಜಿನ್ ಉಸಿರಾಡಬೇಕಾದರೆ ಮೂರನೇ ಗೇರಿನಲ್ಲೇ ಏದುಸಿರು. ಹಾಗೆಂದು ದೊಡ್ಡ ಎಂಜಿನ್ನಿನ ಡಬಲ್ ಬ್ಯಾರೆಲ್ ತಂದರೆ ತೊಂದರೆ ಬೇರೆ. ಕಾರ್ಬುರೇಟರಿನ ಗಂಟಲು ನಡುವೆ ಕಿರಿದಾಗಿರುವುದೇ ಅಲ್ಲಿ ಗಾಳಿ ಜೋರಾಗಿ ಓಡಲೆಂದು. ಓಡುವ ಗಾಳಿಯ ಒತ್ತಡ ಇಳಿದಾಗ ಜೆಟ್ಟಿನಿಂದ ಪೆಟ್ರೋಲ್ ತಾನೇ ಮೇಲೆದ್ದು ತುಂತುರಾಗುತ್ತದೆ. ಗಂಟಲು ಅಗಲವಾದರೆ ಗಾಳಿ ನಿಧಾನ, ಪೆಟ್ರೋಲ್ ಹನಿಹನಿಯಾಗಿ ಬೀಳುತ್ತದೆ. ಕಡಿಮೆ ರೇಸಿನಲ್ಲಿ ಎಳೆಯುವುದೇ ಜೀಪಿನ ಗುಣ, ಆ ಗುಣವೇ ಹೋಗುತ್ತದೆ.

ಅಡಾಪ್ಟರಿನ ಇನ್ನೊಂದು ಕಿತಾಪತಿಯನ್ನು ಮಾರುವವರು ಹೇಳುವುದಿಲ್ಲ. ಪ್ಲೇಟಿನ ತೂತು ಹೊಂದಲಿಲ್ಲವೆಂದು ಕಾರ್ಬುರೇಟರನ್ನು ಕಾಲು ಸುತ್ತು, ಅರ್ಧ ಸುತ್ತು ತಿರುಗಿಸಿ ಕೂರಿಸುತ್ತಾರೆ. ಬಾಗಲಕೋಟೆಯ ನವನಗರದ ಸಪಾಟು ರಸ್ತೆಯಲ್ಲಿ ಇದು ಗೊತ್ತೇ ಆಗುವುದಿಲ್ಲ. ಬಾದಾಮಿ ಸುತ್ತಲಿನ ಗುಡ್ಡದ ಕಲ್ಲುದಾರಿ ಹತ್ತಿಸಿ ನೋಡಿ. ಫ್ಲೋಟಿನ ಬಟ್ಟಲು ಗಂಟಲಿಗಿಂತ ಮುಂದೆ ಇದ್ದರೆ, ಗಾಡಿ ಮೂತಿ ಎತ್ತಿದಾಗ ಬಟ್ಟಲೂ ಎತ್ತರಕ್ಕೇರಿ ಪೆಟ್ರೋಲ್ ತಾನಾಗಿಯೇ ಒಳಗೆ ಸುರಿಯುತ್ತದೆ. ಎಂಜಿನ್ ಕಪ್ಪು ಹೊಗೆ ಬಿಟ್ಟು ಮುಳುಗುತ್ತದೆ. ಬಟ್ಟಲು ಹಿಂದಿದ್ದರೆ ಜೆಟ್ಟಿಗೆ ಪೆಟ್ರೋಲ್ ಸಾಲದೆ ಏರಿನ ನಡುವೆ ಉಸಿರು ಬಿಡುತ್ತದೆ. ಕಾರಿಗೆ ಮಾಡಿದ ಕಾರ್ಬುರೇಟರ್ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಅದನ್ನು ಮಾಡಿದವರ ಕಣ್ಣ ಮುಂದೆ ಇದ್ದದ್ದು ಡಾಂಬರು ರಸ್ತೆ.

ಹೀಗಾಗಿ ಉಳಿಯುವುದು ಕಾರ್ಟರ್ ಮತ್ತು ಸೋಲೆಕ್ಸ್. ಕಾರ್ಟರ್ ಅಮೆರಿಕದ ಸೇಂಟ್ ಲೂಯಿಸ್‌ನದು. ಸೋಲೆಕ್ಸ್ ಫ್ರಾನ್ಸಿನ ಹೆಸರಾದರೂ ನಮ್ಮ ಮಿಸ್ತ್ರಿಗಳಿಗೆ ಮನೆಯ ಹೆಸರೇ. ಮದ್ರಾಸಿನ ಕಾರ್ಬುರೇಟರ್ಸ್ ಲಿಮಿಟೆಡ್ ಅದನ್ನು ಇಲ್ಲೇ ತಯಾರಿಸುತ್ತಿತ್ತು, ಪದ್ಮಿನಿ ಕಾರಿನ ಮೇಲೆ ಕೈ ಪಳಗಿಸಿಕೊಂಡವರಿಗೆ ಅದರ ಹೊಟ್ಟೆಯೊಳಗಿನದೆಲ್ಲ ಗೊತ್ತು. ಜೆಟ್ಟಿನ ಮೇಲೆ ನಂಬರ್ ಇರುತ್ತದೆ: 125 ಎಂದರೆ ತೂತು 1.25 ಮಿಲಿಮೀಟರ್. ಒಂದು ಸ್ಕ್ರೂಡ್ರೈವರಿನಲ್ಲಿ ಬಿಚ್ಚಿ ಇನ್ನೊಂದು ಹಾಕಬಹುದು. ಕಾರ್ಟರ್ ವೈಎಫ್‌ನಲ್ಲಿ ಜೆಟ್ಟಿನೊಳಗೆ ಒಂದು ಚೂಪು ಕಡ್ಡಿ ಇಳಿದಿರುತ್ತದೆ. ಆಕ್ಸಿಲರೇಟರ್ ಒತ್ತಿದಷ್ಟೂ ಕಡ್ಡಿ ಮೇಲೇರಿ ಪೆಟ್ರೋಲಿಗೆ ದಾರಿ ಅಗಲವಾಗುತ್ತದೆ. ನಾಜೂಕಾದ ಕೆಲಸ, ಸರಿಯಾಗಿ ಕೂಡಿಸಿದರೆ ಜೀಪು ರೇಷ್ಮೆಯಂತೆ ಓಡುತ್ತದೆ. ಆದರೆ ಕಡ್ಡಿ ಸವೆದರೆ ಹೊಸದಕ್ಕೆ ಎಲ್ಲಿಗೆ ಬರೆಯುವುದು?

ಇಷ್ಟರಲ್ಲಿ ಹಳೆಯ ಗಾಡಿಯ ಭಕ್ತರು ಸಿಟ್ಟಾಗಿರುತ್ತಾರೆ. ಒರಿಜಿನಲ್ ಬಿಟ್ಟು ಬೇರೇನೂ ಕೂಡದು ಎಂಬುದು ಅವರ ಪಂಥ. ಅವರನ್ನು ನಾನು ಗೌರವಿಸುತ್ತೇನೆ, ಆದರೆ ಒಂದು ಮಾತು ಕೇಳುತ್ತೇನೆ: ಪೆಟ್ರೋಲ್ ಒರಿಜಿನಲ್ ಎಲ್ಲಿಂದ ತರುತ್ತೀರಿ? 2023ರ ಫೆಬ್ರುವರಿ 6ರಂದು ಬೆಂಗಳೂರಿನಲ್ಲೇ ಪ್ರಧಾನಿಗಳು ಶೇ 20 ಎಥನಾಲ್ ಬೆರೆತ ಪೆಟ್ರೋಲಿಗೆ ಚಾಲನೆ ಕೊಟ್ಟರು. ಈಗ ಬಂಕಿನಲ್ಲಿ ಸಾಮಾನ್ಯವಾಗಿ ಸಿಗುವುದೇ ಅದು. ಅದರಲ್ಲಿ ನಮ್ಮ ಬಾಗಲಕೋಟೆ ಜಿಲ್ಲೆಯ ಪಾಲೂ ಇದೆ. ಮುಧೋಳ, ಸಮೀರವಾಡಿ ಕಡೆಯ ಕಾರ್ಖಾನೆಗಳಲ್ಲಿ ಕಬ್ಬು ಅರೆದಾಗ ಸಕ್ಕರೆಯ ಜೊತೆ ಎಥನಾಲೂ ಹೊರಡುತ್ತದೆ. ಘಟಪ್ರಭೆಯ ದಂಡೆಯ ಕಬ್ಬು ಸುತ್ತಿ ಬಳಸಿ ಹುನಗುಂದದ ಜೀಪಿನ ಬಟ್ಟಲಿಗೆ ಬರುತ್ತಿದೆ. ಕಬ್ಬಿನವರಿಗೆ ಒಳ್ಳೆಯದೇ. 1950ರ ದಶಕದ ಕಾರ್ಬುರೇಟರಿಗೆ ಮಾತ್ರ ಇದು ಪರಿಚಯವಿಲ್ಲದ ಊಟ.

ಲೆಕ್ಕ ಹೀಗಿದೆ. ಶುದ್ಧ ಪೆಟ್ರೋಲ್ ಒಂದು ಕಿಲೋ ಸರಿಯಾಗಿ ಉರಿಯಲು 14.7 ಕಿಲೋ ಗಾಳಿ ಬೇಕು. ಎಥನಾಲಿಗೆ ಅದರೊಳಗೇ ಆಮ್ಲಜನಕ ಇರುವುದರಿಂದ 9 ಕಿಲೋ ಸಾಕು. ಶೇ 20 ಬೆರಕೆಗೆ ಸುಮಾರು 13.5. ಅಂದರೆ ಅಷ್ಟೇ ಗಾಳಿಗೆ ಹೆಚ್ಚುಕಡಿಮೆ ಶೇ 8–9ರಷ್ಟು ಹೆಚ್ಚು ಇಂಧನ ಹೋಗಬೇಕು. ಕಂಪ್ಯೂಟರ್ ಇರುವ ಹೊಸ ಕಾರು ಹೊಗೆಯ ವಾಸನೆ ಹಿಡಿದು ತಾನೇ ಹೊಂದಿಸಿಕೊಳ್ಳುತ್ತದೆ. ಕಾರ್ಬುರೇಟರಿಗೆ ಗೊತ್ತಿರುವುದು ಒಂದೇ, ತನ್ನ ಜೆಟ್ಟಿನ ತೂತು. ಅದು ಹಳೆಯ ಅಳತೆಯಲ್ಲೇ ಬಿಡುತ್ತದೆ, ಎಂಜಿನ್ನಿಗೆ ಸಾಲುವುದಿಲ್ಲ. ರೇಸ್ ಕೊಟ್ಟ ಕ್ಷಣ ತಡವರಿಸುತ್ತದೆ, ಕಾರ್ಬುರೇಟರಿನ ಬಾಯಿಂದಲೇ ಫಟ್ ಎಂದು ಸೀನುತ್ತದೆ, ಬಿಸಿಯಾಗುತ್ತದೆ. ಚೋಕ್ ಅರ್ಧ ಎಳೆದು ನೋಡಿ. ಓಟ ಸುಧಾರಿಸಿದರೆ ರೋಗ ಇದೇ, ಇಲ್ಲವೆ ಎಲ್ಲೋ ಪ್ಯಾಕಿಂಗ್ ಸೋರಿ ಗಾಳಿ ಕುಡಿಯುತ್ತಿದೆ.

ತಮಾಷೆಯೆಂದರೆ ಇದೇ ಲಕ್ಷಣ ಕಂಡು ಜನ ಹೊಸ ಕಾರ್ಬುರೇಟರ್ ತರಿಸುತ್ತಾರೆ. ಅದರ ಜೆಟ್ಟೂ ಹಳೆಯ ಪೆಟ್ರೋಲಿನ ಅಳತೆಯದೇ ಆಗಿದ್ದರೆ ದುಡ್ಡು ಹೋಗಿ ಸೀನು ಉಳಿಯುತ್ತದೆ. 125ರ ಜೆಟ್ ತೆಗೆದು 130ರದು ಹಾಕಿದರೆ ತೂತಿನ ವ್ಯಾಸ ಹೆಚ್ಚುವುದು ಕೂದಲೆಳೆಯಷ್ಟು, ಆದರೆ ಅದರ ಕ್ಷೇತ್ರಫಲ ಹೆಚ್ಚುವುದು ಸುಮಾರು ಶೇ 8. ಒಂದು ಕಾರ್ಬುರೇಟರಿನ ಬೆಲೆಯ ಪ್ರಶ್ನೆಗೆ ಒಂದು ಚಿಟಿಕೆ ಹಿತ್ತಾಳೆಯ ಉತ್ತರ. ಇದು ಮಾದರಿ ಲೆಕ್ಕ. ನಿಮ್ಮ ಗಾಡಿಯ ಜೆಟ್ಟಿನ ನಂಬರ್ ಓದಿಕೊಂಡು, ಒಂದು ಮೆಟ್ಟಿಲು ಏರಿಸಿ, ಪ್ಲಗ್ಗಿನ ಬಣ್ಣ ನೋಡಿ ಮುಂದುವರಿಯಬೇಕು. ಪ್ಲಗ್ಗಿನ ತುದಿ ಬೆಳ್ಳಗಿದ್ದರೆ ಇನ್ನೂ ಸಾಲದು, ಕಪ್ಪಾದರೆ ಹೆಚ್ಚಾಯಿತು, ಇಟ್ಟಿಗೆ ಕಂದು ಬಂದರೆ ಬಿಟ್ಟುಬಿಡಿ. ಜೊತೆಗೆ ರಬ್ಬರು. ವೈಎಫ್‌ನ ಪಂಪಿನ ಡಯಾಫ್ರಾಮು, ಪೆಟ್ರೋಲ್ ಪೈಪು, ಹಳೆಯ ಕಾರ್ಕ್ ಪ್ಯಾಕಿಂಗು ಇವು ಎಥನಾಲಿಗೆ ಉಬ್ಬುತ್ತವೆ, ಬಿರಿಯುತ್ತವೆ. ಹೊಸ ಕಿಟ್ ಕೊಳ್ಳುವಾಗ ಎಥನಾಲಿಗೆ ತಾಳುವ ರಬ್ಬರೋ ಎಂದು ಕೇಳಿಯೇ ಕೊಳ್ಳಬೇಕು. ಎಥನಾಲ್ ಗಾಳಿಯ ತೇವವನ್ನೂ ಹೀರುತ್ತದೆ. ಇಳಕಲ್ಲಿನ ಆ ಬಟ್ಟಲಿನಲ್ಲಿ ಕಂಡ ಬಿಳಿ ಬೂದಿಯಂಥದು ಏಳುವುದು ನೀರು ಸತುವಿನ ಮಿಶ್ರಲೋಹವನ್ನು ತಿಂದಾಗ. ಹಬ್ಬಕ್ಕೊಮ್ಮೆ ಹೊರಡುವ ಗಾಡಿಯಾದರೆ ನಿಲ್ಲಿಸುವ ಮುಂಚೆ ಬಟ್ಟಲು ಬರಿದು ಮಾಡಿಡುವುದು ಒಳ್ಳೆಯದು.

ಬಿಸಿಲಿನ ಮಾತು ಬೇರೆ ಇದೆ. ಹರಿಕೇನ್ ಎಂಜಿನ್ನಿನಲ್ಲಿ ಗಾಳಿ ಹೋಗುವ ದಾರಿಯನ್ನು ಹೆಡ್ಡಿನೊಳಗೇ ಎರಕ ಹೊಯ್ದಿದ್ದಾರೆ, ಕಾರ್ಬುರೇಟರ್ ನೇರ ಹೆಡ್ಡಿನ ಮೇಲೆ ಕೂರುತ್ತದೆ. ಏಪ್ರಿಲ್ ಮಧ್ಯಾಹ್ನ ಬಾದಾಮಿಯಲ್ಲಿ ಗಾಡಿ ನಿಲ್ಲಿಸಿ ಊಟ ಮುಗಿಸಿ ಬರುವಷ್ಟರಲ್ಲಿ ಹೆಡ್ಡಿನ ಕಾವು ಮೇಲೇರಿ ಬಟ್ಟಲಿನ ಪೆಟ್ರೋಲ್ ಕುದಿದು ಒಳಗೆ ಚೆಲ್ಲಿರುತ್ತದೆ. ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು, ಮತ್ತೆ ಮತ್ತೆ ಪಂಪ್ ಮಾಡದೆ ಸೆಲ್ಫ್ ಹೊಡೆಯಬೇಕು. ಹೊಸ ಕಾರ್ಬುರೇಟರ್ ಕೂರಿಸುವಾಗ ಅಡಿಯಲ್ಲಿದ್ದ ದಪ್ಪನೆಯ ಪ್ಯಾಕಿಂಗನ್ನು ಹಳೆಯದೆಂದು ಎಸೆದು ತೆಳು ಕಾಗದ ಹಾಕುವ ಮಿಸ್ತ್ರಿಗಳಿದ್ದಾರೆ. ಆ ದಪ್ಪ ಇರುವುದೇ ಕಾವು ತಡೆಯಲು.

ಇಷ್ಟೆಲ್ಲದರ ಮೇಲೆ ಧೂಳು. ಇಳಕಲ್ಲೆಂದರೆ ಹೊರಗಿನವರಿಗೆ ಸೀರೆ. ಸೀರೆಯಷ್ಟೇ ದೂರ ಹೋಗಿದೆ ಇಲ್ಲಿಯ ಕೆಂಪು ಗ್ರಾನೈಟು. ಕ್ವಾರಿಯ ದಾರಿಯಲ್ಲಿ ಏಳುವ ಪುಡಿಯಲ್ಲಿ ಕ್ವಾರ್ಟ್ಸ್ ಇದೆ, ಎಂಜಿನ್ ಸಿಲಿಂಡರಿನ ಬೀಡಿಗಿಂತ ಗಡಸು. ಜೀಪು ಮಾಡಿದವರು ಇದಕ್ಕೆಂದೇ ಎಣ್ಣೆಯ ಏರ್‌ಫಿಲ್ಟರ್ ಕೊಟ್ಟಿದ್ದರು: ತಳದ ಬಟ್ಟಲಿನ ಎಣ್ಣೆಗೆ ಗಾಳಿ ಬಡಿದು ಧೂಳು ಅಲ್ಲೇ ಮುಳುಗಿ, ಜಾಲರಿ ದಾಟಿ ಸ್ವಚ್ಛ ಗಾಳಿ ರಬ್ಬರ್ ಕೊಳವೆಯಲ್ಲಿ ಕಾರ್ಬುರೇಟರಿಗೆ ಬರುತ್ತದೆ. ಹೊಸ ಕಾರ್ಬುರೇಟರಿನ ಬಾಯಿ ಆ ಕೊಳವೆಗೆ ಹೊಂದದಿದ್ದರೆ ಏನಾಗುತ್ತದೆಂದು ಯಾವ ಗ್ಯಾರೇಜಿನಲ್ಲಾದರೂ ನೋಡಬಹುದು. ಕೊಳವೆ ಗೋಡೆಯ ಮೊಳೆಗೆ ನೇತು ಬೀಳುತ್ತದೆ, ಕಾರ್ಬುರೇಟರಿನ ಬಾಯಿಗೆ ಒಂದು ಸ್ಪಂಜು, ಅದಕ್ಕೊಂದು ತಂತಿ. ಪಿಕಪ್ ಚಲೋ ಆತು ಎಂದು ಮಾಲೀಕ ಖುಷಿಯಿಂದ ಹೋಗುತ್ತಾನೆ. ತಡೆಯಿಲ್ಲದೆ ಗಾಳಿ ಬಂದರೆ ಪಿಕಪ್ ಚಲೋ ಆಗದೆ ಏನು? ಒಂದೆರಡು ಬೇಸಿಗೆಯಲ್ಲಿ ಪಿಸ್ಟನ್ ರಿಂಗು ಸವೆದು ನೀಲಿ ಹೊಗೆ ಶುರುವಾದಾಗ ಬೈಸಿಕೊಳ್ಳುವುದು ಮತ್ತೆ ಕಾರ್ಬುರೇಟರೇ. ಆಗ ಇನ್ನೂ ಒಂದು ಹೊಸದು.

ನನ್ನನ್ನು ಕೇಳಿದರೆ ಕ್ವಾರಿಗೆ, ಹೊಲಕ್ಕೆ ದಿನವೂ ಓಡುವ ಜೀಪಿಗೆ ಸೋಲೆಕ್ಸ್ ಹಾಕಿಸಿ, ಆದರೆ ಫಿಲ್ಟರಿನ ಕೊಳವೆಗೆ ಹೊಂದುವ ಬಾಯಿಯದನ್ನೇ ತರಿಸಿ. ಹೊಂದದಿದ್ದರೆ ಕಾರ್ಬುರೇಟರ್ ಬದಲು ಮಾಡುವ ದಿನವೇ ಟರ್ನರ್ ಹತ್ತಿರ ಒಂದು ಬಳೆ ಮಾಡಿಸಿ. ಹುನಗುಂದದ ಬೈಕ್ ಮಿಸ್ತ್ರಿಯೂ ಸೋಲೆಕ್ಸನ್ನು ಬಿಚ್ಚಿ ತೊಳೆಯಬಲ್ಲ. 2020ರ ಏಪ್ರಿಲ್‌ನಲ್ಲಿ ಬಿಎಸ್ 6 ಬರುವ ತನಕ ಊರಿನ ಬಹುತೇಕ ಬೈಕುಗಳಿಗೆ ಕಾರ್ಬುರೇಟರೇ ಇತ್ತು, ಆ ಕೈಗಳು ಇನ್ನೂ ದುಡಿಯುತ್ತಿವೆ. ಗಾಡಿಯನ್ನು ವಿಂಟೇಜ್ ಎಂದು ನೋಂದಾಯಿಸುವ ಮನಸ್ಸಿದ್ದವರ ದಾರಿ ಬೇರೆ. 2021ರ ಕೇಂದ್ರ ನಿಯಮದ ಪ್ರಕಾರ ಗಾಡಿಗೆ 50 ವರ್ಷ ದಾಟಿರಬೇಕು, ಮೂಲ ರೂಪದಲ್ಲಿರಬೇಕು, ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಅಂಥವರು ಕಾರ್ಟರನ್ನೇ ಸರಿಮಾಡಿಸಲಿ. ಜೆಟ್ಟು, ರಬ್ಬರು ಮಾತ್ರ ಈ ಕಾಲದವು ಇರಲಿ. ಹೊರಗಿನಿಂದ ಯಾವ ಇನ್‌ಸ್ಪೆಕ್ಟರಿಗೂ ಅದು ಕಾಣುವುದಿಲ್ಲ.

ಸೋಲೆಕ್ಸ್ ಹಾಕಿಸಿದವರೂ ಬಿಚ್ಚಿದ ಕಾರ್ಟರನ್ನು ಗುಜರಿಯವನಿಗೆ ತೂಕಕ್ಕೆ ಹಾಕಬೇಡಿ. ಶಾಫ್ಟು ಸವೆದಿದ್ದರೂ ಅದರ ಕಡ್ಡಿ, ಫ್ಲೋಟು, ರಾಡಿನ ತುದಿ ಬೇಕಾದವರು ಪಕ್ಕದ ತಾಲ್ಲೂಕಿನಲ್ಲೇ ಒಬ್ಬರಿರುತ್ತಾರೆ, ಮತ್ತು ಅವರು ಕಿಲೋ ಲೆಕ್ಕದಲ್ಲಿ ಕೊಡುವವರಲ್ಲ.